ಲೀ ನದಿ, ಯೂಲೋಂಗ್ ಕಣಿವೆ: ಯಾಂಗ್‌ಶುವೊ ಹಳ್ಳಿಗಾಡನ್ನು ಸುತ್ತುವ ಸಮಗ್ರ ಮಾರ್ಗದರ್ಶಿ

ದಕ್ಷಿಣ ಚೀನಾದ ಗ್ವೀಲಿನ್‌ಗೆ ಹೋದ ಹೆಚ್ಚಿನವರು ಮಾಡುವುದಿಷ್ಟೇ. ಬೆಳಿಗ್ಗೆ ದೊಡ್ಡ ದೋಣಿ ಹತ್ತಿ, ಮಧ್ಯಾಹ್ನ ಯಾಂಗ್‌ಶುವೊದಲ್ಲಿ ಇಳಿದು, ಅಲ್ಲಿನ ಪೇಟೆಬೀದಿಯಲ್ಲಿ ಒಂದು ರಾತ್ರಿ ಕಳೆದು ವಾಪಸಾಗುತ್ತಾರೆ. ಗುಡ್ಡಗಳನ್ನು ನೋಡಿರುತ್ತಾರೆ, ಹಳ್ಳಿಗಳನ್ನಲ್ಲ. ಈ ಸೀಮೆಯ ಗದ್ದೆ, ತೋಟ, ಕಲ್ಲಿನ ಸೇತುವೆ, ಸಂತೆ ಎಲ್ಲವೂ ದೋಣಿಯ ದಾರಿಯಿಂದ ಪಕ್ಕಕ್ಕಿವೆ. ಅವುಗಳನ್ನು ತಲುಪಲು ಬೇಕಾಗಿರುವುದು ಸೈಕಲ್ಲು, ಕಾಲು ಮತ್ತು ಕನಿಷ್ಠ ನಾಲ್ಕು ಪೂರ್ತಿ ದಿನ. ಐದಾದರೆ ಇನ್ನೂ ಒಳ್ಳೆಯದು.

ಮೊದಲು ನೆಲವನ್ನು ತಿಳಿಯಿರಿ

ಗ್ವಾಂಗ್‌ಶಿ ಜುವಾಂಗ್ ಸ್ವಾಯತ್ತ ಪ್ರದೇಶದಲ್ಲಿದೆ ಗ್ವೀಲಿನ್ ನಗರ. ಅಲ್ಲಿಂದ ರಸ್ತೆಯಲ್ಲಿ ಸುಮಾರು 65 ಕಿ.ಮೀ. ದಕ್ಷಿಣಕ್ಕೆ ಯಾಂಗ್‌ಶುವೊ. ನದಿಯ ದಾರಿಯಲ್ಲಿ ಹೋದರೆ ಅದೇ ಅಂತರ 83 ಕಿ.ಮೀ. ಇಡೀ ಸೀಮೆ ಸುಣ್ಣಕಲ್ಲಿನದು. ಯಾಣದ ಕಪ್ಪು ಶಿಖರಗಳಂತೆ ಇಲ್ಲಿಯೂ ಮಳೆನೀರು ಸುಣ್ಣಕಲ್ಲನ್ನು ಕರಗಿಸಿ ಗುಡ್ಡಗಳನ್ನು ಕೆತ್ತಿದೆ. ಆದರೆ ಇಲ್ಲಿ ಅವು ಸಾವಿರಾರು. ದಕ್ಷಿಣ ಚೀನಾದ ಈ ಬಗೆಯ ನೆಲಕ್ಕೆ 2007ರಲ್ಲಿ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ಗ್ವೀಲಿನ್ ಭಾಗ ಅದಕ್ಕೆ ಸೇರಿದ್ದು 2014ರಲ್ಲಿ.

ಯೋಜನೆ ಹಾಕುವವರು ಅರಿಯಬೇಕಾದ ಒಂದು ವ್ಯತ್ಯಾಸವಿದೆ. ಗುಡ್ಡಗಳಲ್ಲಿ ಎರಡು ಜಾತಿ. ಬುಡದಲ್ಲಿ ಒಂದಕ್ಕೊಂದು ಅಂಟಿಕೊಂಡು ಗುಂಪಾಗಿ ನಿಂತವುಗಳನ್ನು ಚೀನೀಯರು ಫೆಂಗ್‌ಚೋಂಗ್ ಎನ್ನುತ್ತಾರೆ. ಸಮತಟ್ಟಾದ ಗದ್ದೆಬಯಲಿನಿಂದ ಒಂಟೊಂಟಿಯಾಗಿ ಎದ್ದು ನಿಂತವು ಫೆಂಗ್‌ಲಿನ್. ಲೀ ನದಿಯ ದಡದ ಊರುಗಳಾದ ಯಾಂಗ್‌ಡಿಯಿಂದ ಶಿಂಗ್‌ಪಿಂಗ್‌ವರೆಗಿನ ಭಾಗ ಮೊದಲ ಜಾತಿಯದು. ಗುಡ್ಡಗಳು ನೇರ ನೀರಿಗೇ ಇಳಿಯುವುದರಿಂದ ಅಂಚಿನಲ್ಲಿ ಉದ್ದಕ್ಕೂ ರಸ್ತೆ ಹಾಯಿಸಲು ಜಾಗವೇ ಇಲ್ಲ. ಹಾಗಾಗಿ ಅದನ್ನು ನೋಡಬೇಕಾದುದು ನೀರಿನ ಮೇಲಿಂದ ಅಥವಾ ಬೆಟ್ಟದ ನೆತ್ತಿಯಿಂದ. ಲೀ ನದಿಯನ್ನು ಸೇರುವ ಯೂಲೋಂಗ್ ಹೊಳೆಯ ಕಣಿವೆ ಎರಡನೆಯ ಜಾತಿಯದು. ಗುಡ್ಡಗಳ ನಡುವೆ ಗದ್ದೆ, ಗದ್ದೆಗಳ ನಡುವೆ ಹಳ್ಳಿ, ಹಳ್ಳಿಗಳ ನಡುವೆ ಚಪ್ಪಟೆ ದಾರಿ. ಅದು ಸೈಕಲ್ಲಿಗೇ ಮಾಡಿಸಿದಂತಿದೆ. ಲೀ ನದಿಗೆ ದೋಣಿ ಮತ್ತು ಬೆಟ್ಟ, ಯೂಲೋಂಗ್‌ಗೆ ಸೈಕಲ್ ಮತ್ತು ತೆಪ್ಪ: ಈ ಲೆಕ್ಕ ಹಿಡಿದರೆ ಉಳಿದ ಏರ್ಪಾಡು ಸುಲಭ.

ಯಾವಾಗ ಹೋಗಬೇಕು

ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ ಅತ್ಯುತ್ತಮ. ಮಳೆ ಕಡಿಮೆ, ಆಕಾಶ ತಿಳಿ, ಸೆಕೆ ಇಳಿದಿರುತ್ತದೆ, ಭತ್ತ ಹಳದಿಗೆ ತಿರುಗಿರುತ್ತದೆ. ಗ್ವೀಲಿನ್ ಎಂಬ ಹೆಸರಿಗೆ ಕಾರಣವಾದ, ಬಹಳ ಪರಿಮಳದ ಗ್ವೀಹ್ವಾ ಹೂವು ಬಿಡುವುದೂ ಈ ಹೊತ್ತಿನಲ್ಲೇ. ಇದರ ನಡುವೆ ಅಕ್ಟೋಬರ್ 1ರಿಂದ 7ರವರೆಗಿನ ವಾರವನ್ನು ಮಾತ್ರ ಬಿಟ್ಟುಬಿಡಿ. ಅದು ಚೀನಾದ ರಾಷ್ಟ್ರೀಯ ರಜೆ. ರೈಲು, ಕೋಣೆ, ತೆಪ್ಪ ಯಾವುದೂ ಸಿಗುವುದಿಲ್ಲ, ಹೊಳೆಯಂಚಿನ ದಾರಿಯಲ್ಲಿ ಸೈಕಲ್ ಇಳಿದು ತಳ್ಳಿಕೊಂಡು ಹೋಗಬೇಕಾಗುತ್ತದೆ. ಮೇ ತಿಂಗಳ ಮೊದಲ ವಾರ ಮತ್ತು ಚೀನೀ ಹೊಸವರ್ಷದ ವಾರಕ್ಕೂ ಇದೇ ಮಾತು.

ಏಪ್ರಿಲ್‌ನಿಂದ ಜೂನ್‌ವರೆಗೆ ಮಳೆಗಾಲ. ಮಂಜು ಗುಡ್ಡಗಳಿಗೆ ಸುತ್ತಿಕೊಂಡಿರುವುದರಿಂದ ಚಿತ್ರ ತೆಗೆಯುವವರಿಗೆ ಇದೇ ಇಷ್ಟ. ಆದರೆ ನೆರೆ ಬರುವುದೂ ಆಗಲೇ. ಲೀ ನದಿ ಹುಟ್ಟುವುದು ಉತ್ತರದಲ್ಲಿರುವ 2141 ಮೀಟರ್ ಎತ್ತರದ ಮಾವೋಅರ್ ಬೆಟ್ಟದ ಕಡೆ. ಅಲ್ಲಿ ರಾತ್ರಿ ಸುರಿದ ಮಳೆಗೆ ಕೆಳಗೆ ನೀರು ಏರುವುದು ಹಲವು ಗಂಟೆ ಕಳೆದ ಮೇಲೆ. ಆದ್ದರಿಂದ ಯಾಂಗ್‌ಶುವೊದಲ್ಲಿ ಬಿಸಿಲಿದ್ದರೂ ದೋಣಿ ನಿಲ್ಲಿಸಿರಬಹುದು. ಈ ತಿಂಗಳುಗಳಲ್ಲಿ ಹೋಗುವವರು ನೀರಿನ ಕೆಲಸವನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬಾರದು. ಮೊದಲ ದಿನಕ್ಕೇ ಗೊತ್ತು ಮಾಡಿದರೆ, ಅಂದು ತಪ್ಪಿದರೂ ಮುಂದೂಡಲು ದಿನಗಳು ಉಳಿದಿರುತ್ತವೆ.

ಜುಲೈ, ಆಗಸ್ಟ್‌ನಲ್ಲಿ 35 ಡಿಗ್ರಿಯ ಸೆಕೆ, ಜೊತೆಗೆ ಶಾಲಾ ರಜೆಯ ಜನ. ಡಿಸೆಂಬರ್‌ನಿಂದ ಫೆಬ್ರವರಿ ಚಳಿ. ಥರ್ಮಾಮೀಟರ್ 8 ಡಿಗ್ರಿ ತೋರಿಸಿದರೂ ತೇವದಿಂದಾಗಿ ಅದಕ್ಕಿಂತ ಹೆಚ್ಚೇ ಕೊರೆಯುತ್ತದೆ, ಹಳ್ಳಿಮನೆಗಳಲ್ಲಿ ಕೋಣೆ ಬೆಚ್ಚಗಿಡುವ ವ್ಯವಸ್ಥೆಯೂ ಅಷ್ಟಕ್ಕಷ್ಟೆ. ನದಿಯಲ್ಲಿ ನೀರು ಇಳಿದು ದೋಣಿಯ ದಾರಿ ಮೊಟಕಾಗಬಹುದು. ಚಳಿಗಾಲದ ಇನ್ನೊಂದು ಸಂಗತಿಯನ್ನು ಚಿತ್ರಗಳಲ್ಲಿ ಯಾರೂ ತೋರಿಸುವುದಿಲ್ಲ. ಯಾಂಗ್‌ಶುವೊದ ಮುಖ್ಯ ಬೆಳೆ ಜಿನ್‌ಜು, ಸಿಪ್ಪೆ ಸಮೇತ ತಿನ್ನುವ ಪುಟ್ಟ ಕಿತ್ತಳೆ. ಇಬ್ಬನಿ, ಮಳೆಗಳಿಂದ ಹಣ್ಣು ಒಡೆಯದಿರಲೆಂದು ರೈತರು ಡಿಸೆಂಬರ್ ಹೊತ್ತಿಗೆ ತೋಟಗಳಿಗೆಲ್ಲ ಬಿಳಿ ಪ್ಲಾಸ್ಟಿಕ್ ಹೊದಿಸುತ್ತಾರೆ. ಬೈಶಾ ಪಟ್ಟಣದ ಕಡೆ ಬೆಟ್ಟ ಹತ್ತಿ ನೋಡಿದರೆ ಹಸಿರಿನ ಬದಲು ಬಯಲು ತುಂಬ ಬಿಳಿ ಹಾಳೆ. ಹಸಿರು ಬಯಲೇ ಬೇಕು ಎನ್ನುವವರಿಗೆ ಈ ಕಾಲ ಬೇಡ. ಹಣ್ಣು ಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಹೊರಡುವ ಮುನ್ನ

ಭಾರತೀಯ ಪಾಸ್‌ಪೋರ್ಟ್‌ಗೆ ಚೀನಾದ ಪ್ರವಾಸಿ ವೀಸಾ ಮೊದಲೇ ಬೇಕು. ಕೆಲವು ದೇಶದವರಿಗೆ ಕೊಡುವ 240 ಗಂಟೆಗಳ ವೀಸಾರಹಿತ ಪ್ರವೇಶದ ಪಟ್ಟಿಯಲ್ಲಿ ಭಾರತವಿಲ್ಲ. ಹಾಂಗ್‌ಕಾಂಗ್ ಮೂಲಕ ಹೋಗುವವರು ಅಲ್ಲಿಗೆ ಬೇಕಾದ ಆನ್‌ಲೈನ್ ಪೂರ್ವ ನೋಂದಣಿಯನ್ನು ಪ್ರತ್ಯೇಕವಾಗಿ ಮಾಡಿಕೊಳ್ಳಬೇಕು. ಇಲ್ಲಿ ಎಡವುವವರು ಬಹಳ: ಚೀನಾದ ಮುಖ್ಯ ಭೂಭಾಗದಿಂದ ಹಾಂಗ್‌ಕಾಂಗ್‌ಗೆ ಹೋದರೆ ದೇಶ ಬಿಟ್ಟ ಲೆಕ್ಕ. ಒಂದೇ ಪ್ರವೇಶದ ವೀಸಾ ಅಲ್ಲಿಗೆ ಮುಗಿಯುತ್ತದೆ, ಮತ್ತೆ ಒಳಗೆ ಬರಲಾಗದು. ಹಾಂಗ್‌ಕಾಂಗ್ ನೋಡುವುದಿದ್ದರೆ ಪ್ರವಾಸದ ಶುರುವಿನಲ್ಲಿ ಅಥವಾ ಕೊನೆಯಲ್ಲಿ ಇಟ್ಟುಕೊಳ್ಳಿ, ನಡುವೆ ಬೇಡ.

ಬೆಂಗಳೂರಿನಿಂದ ಹೊರಡುವವರಿಗೆ ಸಲೀಸಾದ ಊರು ಗ್ವಾಂಗ್‌ಜೋ. ಭಾರತ-ಚೀನಾ ನೇರ ವಿಮಾನಗಳು 2025ರ ಅಕ್ಟೋಬರ್‌ನಲ್ಲಿ ಮತ್ತೆ ಶುರುವಾದಾಗ ಮೊದಲು ತೆರೆದದ್ದು ಕೋಲ್ಕತಾ-ಗ್ವಾಂಗ್‌ಜೋ ದಾರಿ. ಸಿಂಗಪುರ, ಕ್ವಾಲಾಲಂಪುರ, ಬ್ಯಾಂಕಾಕ್ ಮೂಲಕವೂ ಬರಬಹುದು.

ಹಣದ ವಿಷಯ. ಹಳ್ಳಿಯ ಸೊಪ್ಪಿನ ಅಂಗಡಿಯಲ್ಲೂ ಮೊಬೈಲಿನಲ್ಲೇ ಪಾವತಿ, ಆದರೆ ನಮ್ಮ ಯುಪಿಐ ಅಲ್ಲಿ ಕೆಲಸಕ್ಕೆ ಬಾರದು. ಮನೆಯಲ್ಲೇ ಹೀಗೆ ಸಿದ್ಧತೆ ಮಾಡಿಕೊಳ್ಳಿ:

1. ಅಲ್ಲಿನ ಪಾವತಿ ಆ್ಯಪ್‌ಗಳಾದ ಅಲಿಪೇ ಮತ್ತು ವೀಚಾಟ್ ಎರಡನ್ನೂ ಫೋನಿಗೆ ಹಾಕಿಕೊಂಡು ಪಾಸ್‌ಪೋರ್ಟ್ ಚಿತ್ರ ಕೊಟ್ಟು ಗುರುತು ಖಚಿತಪಡಿಸಿ. ಇದಕ್ಕೆ ಒಂದೆರಡು ದಿನ ಹಿಡಿಯಬಹುದು.
2. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕಂಪನಿಯ ಬ್ಯಾಂಕ್ ಕಾರ್ಡನ್ನು ಜೋಡಿಸಿ. ಬ್ಯಾಂಕಿನ ಆ್ಯಪ್‌ನಲ್ಲಿ ಹೊರದೇಶದ ವಹಿವಾಟಿಗೆ ಅನುಮತಿ ಕೊಡಿ. ಇದನ್ನು ಮರೆತರೆ ಮೊದಲ ಪಾವತಿಯೇ ತಿರಸ್ಕೃತವಾಗುತ್ತದೆ.
3. ಬ್ಯಾಂಕಿನ ಒಟಿಪಿ ಬರಬೇಕಾದರೆ ಭಾರತದ ಸಿಮ್ ಜೀವಂತವಿರಬೇಕು. ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿಕೊಂಡೇ ಹೊರಡಿ.
4. ಹೊರದೇಶದ ಕಾರ್ಡಿನಿಂದ 200 ಯುವಾನ್‌ಗಿಂತ ಕಡಿಮೆಯ ಪಾವತಿಗೆ ಈ ಆ್ಯಪ್‌ಗಳು ಹೆಚ್ಚುವರಿ ಶುಲ್ಕ ಹಾಕುವುದಿಲ್ಲ. ಅದಕ್ಕಿಂತ ಹೆಚ್ಚಾದರೆ 3 ಶೇಕಡಾ. ದೊಡ್ಡ ಮೊತ್ತವನ್ನು ದಿನದ ಲೆಕ್ಕದಲ್ಲಿ ಬಿಡಿಬಿಡಿಯಾಗಿ ಕೊಡಬಹುದೇ ಎಂದು ಉಳಿದುಕೊಳ್ಳುವ ಮನೆಯಲ್ಲಿ ಕೇಳಿ.
5. ಇಷ್ಟೆಲ್ಲ ಇದ್ದರೂ 500 ಯುವಾನ್ ನಗದು, ಅದರಲ್ಲೂ 10 ಮತ್ತು 20ರ ನೋಟುಗಳು ಜೇಬಿನಲ್ಲಿರಲಿ. ಒಂದು ಯುವಾನ್ ಸುಮಾರು 12 ರೂಪಾಯಿ.

ಗೂಗಲ್, ವಾಟ್ಸ್‌ಆ್ಯಪ್ ಅಲ್ಲಿನ ಸ್ಥಳೀಯ ಸಂಪರ್ಕದಲ್ಲಿ ತೆರೆಯುವುದಿಲ್ಲ. ಭಾರತದ ರೋಮಿಂಗ್ ಅಥವಾ ಪ್ರವಾಸಿ ಇ-ಸಿಮ್ ಇದ್ದರೆ ತೆರೆಯುತ್ತವೆ. ಆದರೂ ಗೂಗಲ್ ನಕ್ಷೆಯನ್ನು ನಂಬಬೇಡಿ. ಚೀನಾದ ನಕ್ಷೆಗಳು ಬಳಸುವ ಅಕ್ಷಾಂಶ-ರೇಖಾಂಶದ ಲೆಕ್ಕವೇ ಬೇರೆ. ಹಾಗಾಗಿ ನಿಮ್ಮ ಚುಕ್ಕೆ ನೂರಾರು ಮೀಟರ್ ಆಚೆ ಸರಿದು, ನೀವು ಹೊಳೆಯ ಈ ದಡದಲ್ಲಿದ್ದರೂ ಆ ದಡದಲ್ಲಿರುವಂತೆ ತೋರಿಸುತ್ತದೆ. ಸೇತುವೆಗಳು ಅಲ್ಲೊಂದು ಇಲ್ಲೊಂದು ಇರುವ ಕಣಿವೆಯಲ್ಲಿ ಇದು ಸಣ್ಣ ತಪ್ಪಲ್ಲ. ಅಲ್ಲಿನದೇ ನಕ್ಷೆಯ ಆ್ಯಪ್ ಆದ ಆಮ್ಯಾಪ್ ಹಾಕಿಕೊಳ್ಳಿ. ಅನುವಾದದ ಆ್ಯಪ್‌ನಲ್ಲಿ ಚೀನೀ ಭಾಷೆಯನ್ನು ಇಳಿಸಿಟ್ಟುಕೊಂಡರೆ ಸಿಗ್ನಲ್ ಇಲ್ಲದಾಗಲೂ ನಡೆಯುತ್ತದೆ.

ಚೀನಾದೊಳಗೆ ವಿಮಾನದಲ್ಲಿ ಓಡಾಡುವುದಿದ್ದರೆ ಪವರ್‌ಬ್ಯಾಂಕ್ ಮೇಲೆ ಅಲ್ಲಿನ ಸುರಕ್ಷತೆಯ 3ಸಿ ಮುದ್ರೆ ಇರಬೇಕು. 2025ರ ಜೂನ್ ಕೊನೆಯಿಂದ ಇದು ಕಡ್ಡಾಯ. ನಮ್ಮಲ್ಲಿ ಕೊಂಡ ಹೆಚ್ಚಿನವುಗಳ ಮೇಲೆ ಆ ಮುದ್ರೆ ಇರುವುದಿಲ್ಲ, ತಪಾಸಣೆಯಲ್ಲಿ ಬಿಟ್ಟುಹೋಗಬೇಕಾಗುತ್ತದೆ.

ತಲುಪುವುದು: ಹೆಸರಿನಲ್ಲೇ ಇರುವ ಒಂದು ಬಲೆ

ಗ್ವಾಂಗ್‌ಜೋ ದಕ್ಷಿಣ ನಿಲ್ದಾಣದಿಂದ ಯಾಂಗ್‌ಶುವೊ ನಿಲ್ದಾಣಕ್ಕೆ ವೇಗದ ರೈಲಿನಲ್ಲಿ ಎರಡರಿಂದ ಎರಡೂವರೆ ಗಂಟೆ. ಈ ಮಾರ್ಗ ತೆರೆದದ್ದು 2014ರ ಡಿಸೆಂಬರ್‌ನಲ್ಲಿ. ಟಿಕೆಟ್ ಸಿಗುವುದು ಪ್ರಯಾಣಕ್ಕೆ 15 ದಿನ ಮುಂಚಿನಿಂದ. ಪಾಸ್‌ಪೋರ್ಟೇ ಟಿಕೆಟ್ ಇದ್ದಂತೆ. ಯಂತ್ರದ ಗೇಟು ತೆರೆಯದಿದ್ದರೆ ಪಕ್ಕದಲ್ಲಿ ಸಿಬ್ಬಂದಿ ನಿಂತಿರುವ ಸಾಲಿಗೆ ಹೋಗಿ. ರೈಲು ಹೊರಡುವ ಕೆಲವು ನಿಮಿಷ ಮುಂಚೆಯೇ ಗೇಟು ಮುಚ್ಚುತ್ತದೆ. ಗ್ವಾಂಗ್‌ಜೋ ವಿಮಾನ ನಿಲ್ದಾಣ ಊರಿನ ಉತ್ತರಕ್ಕಿದೆ, ರೈಲು ನಿಲ್ದಾಣ ದಕ್ಷಿಣದ ತುದಿಯಲ್ಲಿ. ಮೆಟ್ರೊದಲ್ಲಿ ಒಂದು ಗಂಟೆಗೂ ಹೆಚ್ಚು ಹಿಡಿಯುವುದರಿಂದ ವಿಮಾನ ಇಳಿಯುವುದಕ್ಕೂ ರೈಲು ಹೊರಡುವುದಕ್ಕೂ ನಡುವೆ ನಾಲ್ಕು ಗಂಟೆ ಬಿಡಿ.

ಬಲೆ ಇರುವುದು ಇಲ್ಲಿ. ಯಾಂಗ್‌ಶುವೊ ರೈಲು ನಿಲ್ದಾಣ ಯಾಂಗ್‌ಶುವೊದಲ್ಲಿಲ್ಲ! ಅದು ಇರುವುದು ಶಿಂಗ್‌ಪಿಂಗ್ ಪಟ್ಟಣದ ಸೀಮೆಯಲ್ಲಿ, ಯಾಂಗ್‌ಶುವೊ ಪೇಟೆಯಿಂದ ಸುಮಾರು 30 ಕಿ.ಮೀ. ದೂರ. ಪೇಟೆಗೆ ಬಸ್ಸಿನಲ್ಲಿ ಒಂದು ಗಂಟೆ ಬೇಕು, ಶಿಂಗ್‌ಪಿಂಗ್‌ಗಾದರೆ ಕಾಲು ಗಂಟೆ ಸಾಕು. ಗೊತ್ತಿಲ್ಲದೆ ಪೇಟೆಯಲ್ಲಿ ಕೋಣೆ ಹಿಡಿದವರು ರಾತ್ರಿ ಬಸ್ ತಪ್ಪಿದ ಮೇಲೆ ಟ್ಯಾಕ್ಸಿಯವರು ಕೇಳಿದಷ್ಟು ಕೊಡುತ್ತಾರೆ. ಗೊತ್ತಿದ್ದವರು ಇದನ್ನೇ ಅನುಕೂಲ ಮಾಡಿಕೊಂಡು ಮೊದಲ ಎರಡು ರಾತ್ರಿ ಶಿಂಗ್‌ಪಿಂಗ್‌ನಲ್ಲಿ, ಮುಂದಿನ ಮೂರು ರಾತ್ರಿ ಯೂಲೋಂಗ್ ಹೊಳೆಯ ಪಕ್ಕದ ಹಳ್ಳಿಯಲ್ಲಿ ಉಳಿಯುತ್ತಾರೆ. ನಮ್ಮ ಸಲಹೆಯೂ ಅದೇ. ಯಾಂಗ್‌ಶುವೊ ಪೇಟೆಬೀದಿಯಲ್ಲಿ ತಡರಾತ್ರಿಯವರೆಗೂ ಗದ್ದಲ, ಹಳ್ಳಿ ನೋಡಲು ಬಂದವರು ಅಲ್ಲಿ ಮಲಗುವ ಅಗತ್ಯವಿಲ್ಲ.

ಎಲ್ಲಿ ಉಳಿದರೂ 24 ಗಂಟೆಯೊಳಗೆ ನಿಮ್ಮ ಹೆಸರು ಪೊಲೀಸ್ ದಾಖಲೆಗೆ ಹೋಗಬೇಕು, ಅದು ಕಾನೂನು. ಹೋಟೆಲಿನವರು ತಾವೇ ಮಾಡುತ್ತಾರೆ. ಹಳ್ಳಿಯ ಮನೆಗಳಲ್ಲಿ ಕೆಲವರಿಗೆ ಹೊರದೇಶದವರನ್ನು ದಾಖಲಿಸುವ ರೂಢಿ ಇರುವುದಿಲ್ಲ. ಕೋಣೆ ಕಾಯ್ದಿರಿಸುವಾಗಲೇ ಸಂದೇಶ ಕಳಿಸಿ ಖಚಿತಪಡಿಸಿಕೊಳ್ಳಿ.

ಮೊದಲ ಎರಡು ದಿನ: ಶಿಂಗ್‌ಪಿಂಗ್ ಮತ್ತು ಲೀ ನದಿ

ಚೀನಾದ 20 ಯುವಾನ್ ನೋಟಿನ ಹಿಂಬದಿಯಲ್ಲಿರುವುದು ಇಲ್ಲಿನ ನದಿಯ ದೃಶ್ಯ. ಅದೇ ನೋಟವನ್ನು ಕಣ್ಣಾರೆ ಕಾಣಲು ಶಿಂಗ್‌ಪಿಂಗ್ ಹಳೇ ಬೀದಿಯಿಂದ ನದಿಯ ಮೇಲ್ಮುಖವಾಗಿ ಅರ್ಧ ಗಂಟೆ ನಡೆದರೆ ಸಾಕು, ಯಾವ ವಾಹನವೂ ಬೇಡ. ಮಧ್ಯಾಹ್ನ ಅಲ್ಲಿ ನೋಟು ಹಿಡಿದು ಚಿತ್ರ ತೆಗೆಸಿಕೊಳ್ಳುವವರ ಸಾಲು. ಬೆಳಿಗ್ಗೆ ಏಳಕ್ಕೆ ಮುಂಚೆ ಹೋದರೆ ಗಾಳಿಯಿಲ್ಲದ ನೀರಿನಲ್ಲಿ ಗುಡ್ಡದ ನೆರಳು ಅಲುಗದೆ ಬಿದ್ದಿರುತ್ತದೆ. ಮೋಟಾರು ತೆಪ್ಪಗಳು ಶುರುವಾದ ಮೇಲೆ ಆ ನೆರಳು ಮತ್ತೆ ಕೂಡುವುದು ಸಂಜೆಗೇ.

ಸಂಜೆಗೆ ಲಾವ್‌ಜಾಯ್ ಬೆಟ್ಟ. ಹತ್ತುವ ದಾರಿ ಊರಿನ ಅಂಚಿನಲ್ಲೇ ಇದೆ. ಮೆಟ್ಟಿಲುಗಳಿದ್ದರೂ ಬಹಳ ಕಡಿದು, ಕೊನೆಯ ಭಾಗದಲ್ಲಿ ಕೈ ಊರಿ ಏರಬೇಕು. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ನೆತ್ತಿಯಿಂದ ಕಾಣುವುದು ನದಿ ಕುದುರೆಲಾಳದಂತೆ ತಿರುಗುವ ನೋಟ. ಅಪಾಯ ಇರುವುದು ಇಳಿಯುವಾಗ. ಸುಣ್ಣಕಲ್ಲು ಸಾವಿರಾರು ಹೆಜ್ಜೆಗೆ ಸವೆದು ನುಣುಪಾಗಿದೆ, ಒದ್ದೆಯಾದರೆ ಸಾಬೂನಿನಂತೆ ಜಾರುತ್ತದೆ. ಸೂರ್ಯ ಮುಳುಗಿದ ಮೇಲೆ ಇಳಿಯುವುದರಿಂದ ತಲೆಗೆ ಕಟ್ಟುವ ಟಾರ್ಚು ಬೇಕೇ ಬೇಕು, ಫೋನಿನ ಬೆಳಕಾದರೆ ಒಂದು ಕೈ ಅದಕ್ಕೇ ಮೀಸಲಾಗಿಬಿಡುತ್ತದೆ. ಆ ದಿನ ಮಳೆ ಬಿದ್ದಿದ್ದರೆ ಹತ್ತಬೇಡಿ. ಮಳೆಗೆ ದಾರಿ ಮುಚ್ಚುವುದೂ ಉಂಟು.

ಬೆಳಗಿನ ನೋಟಕ್ಕೆ ಹೆಸರಾದದ್ದು ಪಶ್ಚಿಮ ದಡದ ಶಿಯಾಂಗ್‌ಗೊಂಗ್ ಬೆಟ್ಟ. ಇಲ್ಲಿ ಮೆಟ್ಟಿಲು ಸಲೀಸು, ಅರ್ಧ ಗಂಟೆಯ ಏರು. ಆದರೆ ಸೂರ್ಯ ಹುಟ್ಟುವ ಮುಕ್ಕಾಲು ಗಂಟೆ ಮುಂಚೆ ಮೇಲಿರಬೇಕಾದ್ದರಿಂದ ಹಿಂದಿನ ಸಂಜೆಯೇ ವಾಹನ ಗೊತ್ತು ಮಾಡಿ. ಯಾಂಗ್‌ಶುವೊ ಕಡೆಯಿಂದ ಸುಮಾರು ಒಂದು ಗಂಟೆಯ ದಾರಿ. ಚಾಲಕರು ಅಲ್ಲೇ ಕಾಯ್ದು ಮರಳಿ ಕರೆತರುತ್ತಾರೆಯೇ, ಆ ಹಣದಲ್ಲಿ ಅದೂ ಸೇರಿದೆಯೇ ಎಂದು ಮೊದಲೇ ಬಾಯಿಬಿಟ್ಟು ಕೇಳಿ. ಹಿಂದಿನ ದಿನ ಮಳೆ ಬಂದು ರಾತ್ರಿ ತಿಳಿಯಾಗಿದ್ದರೆ ಮಂಜಿನ ಮೇಲೆ ಗುಡ್ಡಗಳು ತೇಲುವುದನ್ನು ಕಾಣುವ ಸಾಧ್ಯತೆ ಹೆಚ್ಚು. ಮೋಡ ಕವಿದೇ ಇದ್ದರೆ ನಿದ್ದೆ ಕೆಡಿಸಿಕೊಳ್ಳುವುದು ಬೇಡ.

ಇನ್ನು ನೀರಿನ ಮೇಲೆ. ಎರಡು ಆಯ್ಕೆಗಳಿವೆ.

ದೊಡ್ಡ ದೋಣಿ ಗ್ವೀಲಿನ್ ಹೊರವಲಯದ ಕಡವಿನಿಂದ ಬೆಳಿಗ್ಗೆ ಹೊರಟು ನಾಲ್ಕರಿಂದ ನಾಲ್ಕೂವರೆ ಗಂಟೆಯಲ್ಲಿ ಯಾಂಗ್‌ಶುವೊ ಮುಟ್ಟುತ್ತದೆ. ಮೊದಲ ಒಂದು ಗಂಟೆ ಸಾಧಾರಣ ನೋಟ, ನಿಜವಾದ ಚೆಲುವು ಯಾಂಗ್‌ಡಿ ದಾಟಿದ ಮೇಲೆ. ಆದರೆ ಊಟ ಬಡಿಸುವುದು ಆ ಹೊತ್ತಿಗೇ ಬಂದು ಕೂಡುತ್ತದೆ. ಊಟ ಬೇಗ ಮುಗಿಸಿ ಅಥವಾ ಬಿಟ್ಟು, ಯಾಂಗ್‌ಡಿ ಬರುವ ಮುಂಚೆ ಮೇಲಟ್ಟದ ಮುಂಭಾಗದಲ್ಲಿ ಜಾಗ ಹಿಡಿಯಿರಿ. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಇದೇ ಸರಿ.

ಎರಡನೆಯದು ಯಾಂಗ್‌ಡಿಯಿಂದ ಶಿಂಗ್‌ಪಿಂಗ್ ಕಡೆಗೆ ಹೋಗುವ ತೆಪ್ಪ. ಬಿದಿರಿನದು ಎಂದು ಹೇಳಿದರೂ ಇವು ಪಿವಿಸಿ ಕೊಳವೆ ಜೋಡಿಸಿ ಮೋಟಾರು ಕೂರಿಸಿದವು, ನಾಲ್ಕು ಜನಕ್ಕೆ ಒಂದು. ಸದ್ದಿದೆ, ನಿಜ. ಆದರೆ ನೀರಿಗೆ ಅಷ್ಟು ಹತ್ತಿರ ಕೂತು ಗುಡ್ಡಗಳನ್ನು ತಲೆಯೆತ್ತಿ ನೋಡುವ ಸುಖ ದೊಡ್ಡ ದೋಣಿಯಲ್ಲಿಲ್ಲ. ಟಿಕೆಟ್ಟಿಗೆ ಪಾಸ್‌ಪೋರ್ಟ್ ಬೇಕು. ಕಡವಿನ ಅಧಿಕೃತ ಕಿಟಕಿಯಲ್ಲಿ ಅಥವಾ ಉಳಿದುಕೊಂಡ ಮನೆಯವರ ಮೂಲಕ ಕೊಳ್ಳಿ. ರಸ್ತೆಯಲ್ಲಿ ಅಡ್ಡಗಟ್ಟಿ ಕಡಿಮೆ ದರ ಹೇಳುವವರು ಅರ್ಧ ದಾರಿಯ ತೆಪ್ಪಕ್ಕೆ ಪೂರ್ತಿ ಹಣ ಕೇಳುವುದುಂಟು. ಯಾವ ಕಡವಿನಿಂದ ಯಾವ ಕಡವಿಗೆ ಎಂಬುದನ್ನು ಹಣ ಕೊಡುವ ಮುಂಚೆ ನಕ್ಷೆಯಲ್ಲಿ ತೋರಿಸಲು ಹೇಳಿ.

ಇದೇ ದಾರಿಯ ಕೆಲವು ತುಣುಕುಗಳನ್ನು ನಡೆದೂ ನೋಡಬಹುದು. ದಡದ ಹಾದಿ ಅಲ್ಲಲ್ಲಿ ಬಂಡೆಗೆ ಬಂದು ನಿಲ್ಲುವುದರಿಂದ ಪೂರ್ತಿ ನಡೆಯಬೇಕೆಂದರೆ ಹೊಳೆ ದಾಟಬೇಕು. ದಾಟಿಸುವ ದೋಣಿ ಅಂದು ಇದೆಯೇ ಎಂದು ತಿಳಿಯದೆ ಯಾಂಗ್‌ಡಿಯಿಂದ ಹೊರಟರೆ ನಡುವೆ ಸಿಕ್ಕಿಬೀಳುತ್ತೀರಿ. ಶಿಂಗ್‌ಪಿಂಗ್ ಕಡೆಯಿಂದ ಹೊರಟು ಎರಡು ಗಂಟೆ ನಡೆದು ಅದೇ ದಾರಿಯಲ್ಲಿ ಹಿಂತಿರುಗುವುದು ಸುರಕ್ಷಿತ. ಶಿಂಗ್‌ಪಿಂಗ್‌ಗಿಂತ ಕೆಳಗೆ, ಗುಡ್ಡಗಳ ಹಿಂದೆ ಅಡಗಿದಂತಿರುವ ಯೂಚುನ್ ಎಂಬ ಮೀನುಗಾರರ ಹಳ್ಳಿಯಲ್ಲಿ ಹಳೆಯ ಇಟ್ಟಿಗೆ ಮನೆಗಳು ಇನ್ನೂ ನಿಂತಿವೆ. 1998ರಲ್ಲಿ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಬಂದುಹೋದದ್ದು ಇಲ್ಲಿಗೇ.

ನೀರುಕಾಗೆ ಹಿಡಿದು ಲಾಂದ್ರ ಹಚ್ಚಿ ತೆಪ್ಪದ ಮೇಲೆ ನಿಂತಿರುವ ಅಜ್ಜನ ಚಿತ್ರವನ್ನು ನೀವು ನೋಡಿರುತ್ತೀರಿ. ಆ ಬಗೆಯಲ್ಲಿ ಮೀನು ಹಿಡಿದು ಬದುಕುವವರು ಈಗ ಇಲ್ಲವೆನ್ನುವಷ್ಟು ಕಡಿಮೆ. ಹಕ್ಕಿಯ ಗಂಟಲಿಗೆ ದಾರ ಕಟ್ಟಿ, ದೊಡ್ಡ ಮೀನು ನುಂಗದಂತೆ ತಡೆದು ಹಿಡಿಸುವ ಹಳೆಯ ವಿದ್ಯೆ ಇಂದು ಚಿತ್ರಕ್ಕಾಗಿ ನಡೆಯುವ ಪ್ರದರ್ಶನ. ಅದು ಅವರ ದುಡಿಮೆ. ಆದ್ದರಿಂದ ದೂರದಿಂದ ಕದ್ದು ಚಿತ್ರ ತೆಗೆಯಬೇಡಿ. ಎಷ್ಟು ಹೊತ್ತು, ಎಷ್ಟು ಹಣ ಎಂದು ಮಾತಾಡಿಕೊಂಡು ತೆಗೆಯಿರಿ.

ಮೂರು, ನಾಲ್ಕನೇ ದಿನ: ಯೂಲೋಂಗ್ ಕಣಿವೆ

*ಸೈಕಲ್ ಆರಿಸುವುದು.* ಸಾಮಾನ್ಯ ಸೈಕಲ್ಲಿಗೆ ದಿನಕ್ಕೆ 20ರಿಂದ 40 ಯುವಾನ್, ಬ್ಯಾಟರಿ ಸ್ಕೂಟರ್‌ಗೆ 50ರಿಂದ 100ರವರೆಗೆ. ಹೊಳೆಯಂಚಿನ ಕೆಲವು ದಾರಿಗಳಿಗೆ ಮೋಟಾರಿದ್ದ ಗಾಡಿಗಳನ್ನು ಬಿಡುವುದಿಲ್ಲ, ಹಾಗಾಗಿ ಕಣಿವೆಗೆ ಸೈಕಲ್ಲೇ ಮೇಲು. ಸ್ಕೂಟರ್ ಉಪಯೋಗಕ್ಕೆ ಬರುವುದು ಗಾವ್‌ಟಿಯನ್, ಫೂಲಿ ಎಂಬ ಊರುಗಳ ಕಡೆಗೆ. ಬಾಡಿಗೆಗೆ ಪಡೆಯುವ ಮುನ್ನ ನೋಡಬೇಕಾದವು: ಎರಡೂ ಬ್ರೇಕ್ ಒಂದೊಂದಾಗಿ ಹಿಡಿಯುತ್ತವೆಯೇ, ಸೀಟು ನಿಮ್ಮ ಎತ್ತರಕ್ಕೆ ಏರುತ್ತದೆಯೇ, ಟೈರಿನಲ್ಲಿ ಬೆರಳು ಒತ್ತಿದರೆ ತಗ್ಗದಷ್ಟು ಗಾಳಿ ಇದೆಯೇ, ಬೀಗ ಇದೆಯೇ. ಗೀರುಗಳಿದ್ದರೆ ಅಂಗಡಿಯವರ ಎದುರೇ ವಿಡಿಯೊ ಮಾಡಿಕೊಳ್ಳಿ. ಮುಂಗಡವಾಗಿ ಹಣ ಕೊಡಿ, ಪಾಸ್‌ಪೋರ್ಟನ್ನು ಮಾತ್ರ ಯಾರ ಬಳಿಯೂ ಒತ್ತೆಯಿಡಬೇಡಿ.

ಅಲ್ಲಿ ಗಾಡಿ ಓಡುವುದು ರಸ್ತೆಯ ಬಲಬದಿಯಲ್ಲಿ. ನೇರ ಹೋಗುವಾಗ ನೆನಪಿರುತ್ತದೆ. ಮರೆಯುವುದು ಎರಡು ಕಡೆ: ಚಿತ್ರ ತೆಗೆಯಲು ನಿಂತು ಮತ್ತೆ ಹೊರಡುವಾಗ ಮತ್ತು ಖಾಲಿ ಕವಲಿನಲ್ಲಿ ಎಡಕ್ಕೆ ಹೊರಳುವಾಗ. ನಮ್ಮ ಕೈಕಾಲು ತಾನಾಗಿ ಎಡಬದಿಗೇ ಹೋಗುತ್ತದೆ. ಬ್ಯಾಟರಿ ಗಾಡಿಗಳು ಸದ್ದಿಲ್ಲದೆ ಹಿಂದಿನಿಂದ ಬರುತ್ತವೆ, ತಿರುಗುವ ಮುಂಚೆ ಕತ್ತು ಹೊರಳಿಸಿ ನೋಡಿ.

*ದಾರಿ.* ಗೊಂಗ್‌ನೊಂಗ್ ಸೇತುವೆಯಿಂದ ಹೊರಟು ಹೊಳೆಯ ಮೇಲ್ಮುಖವಾಗಿ ಜಿಯುಶಿಯನ್ ಹಳ್ಳಿ, ಅಲ್ಲಿಂದ ಯೂಲೋಂಗ್ ಸೇತುವೆ, ಬೈಶಾ ಪಟ್ಟಣ, ಕೊನೆಗೆ ರಸ್ತೆ ಹಿಡಿದು ವಾಪಸ್. ಒಟ್ಟು 30 ಕಿ.ಮೀ. ಆಸುಪಾಸು, ನಿಂತು ನೋಡಿಕೊಂಡು ಹೋದರೆ ಏಳು ಗಂಟೆ. ಮೇಲ್ಮುಖವಾಗಿಯೇ ಏಕೆ ಎಂದರೆ, ಹೊಳೆ ಹರಿಯುವುದು ವಾಯವ್ಯದಿಂದ ಆಗ್ನೇಯಕ್ಕೆ. ಬೆಳಿಗ್ಗೆ ಮೇಲಕ್ಕೆ ಹೊರಟರೆ ಸೂರ್ಯ ಬೆನ್ನ ಹಿಂದಿದ್ದು ಎದುರಿನ ಗುಡ್ಡಗಳೆಲ್ಲ ಬೆಳಗಿರುತ್ತವೆ. ತಿರುಗಾಮುರುಗಾ ಹೋದರೆ ಕಣ್ಣಿಗೆ ಬಿಸಿಲು, ಗುಡ್ಡ ಬರೀ ಕಪ್ಪು ನೆರಳು. ಹೊಳೆ ಬಹುಪಾಲು ಚಪ್ಪಟೆ ಇರುವುದರಿಂದ ಏರು ಕಾಲಿಗೆ ತಟ್ಟುವುದಿಲ್ಲ.

ಜಿಯುಶಿಯನ್ ಎಂದರೆ ಹಳೇ ಕಸಬೆ ಎಂದೇ ಅರ್ಥ. ಕೆಲವು ಹಳೆಯ ಮನೆಗಳನ್ನು ದುರಸ್ತಿ ಮಾಡಿ ಪ್ರವಾಸಿಗರಿಗೆ ಕೊಡುತ್ತಾರೆ, ಉಳಿಯಲು ಹೇಳಿಮಾಡಿಸಿದ ಜಾಗ. ಮುಂದೆ ಸಿಗುವ ಯೂಲೋಂಗ್ ಸೇತುವೆ 1412ರದು, ಮಿಂಗ್ ಅರಸರ ಕಾಲದ್ದು. ಒಂದೇ ದೊಡ್ಡ ಕಮಾನು, ಅದರ ಮೇಲೆ ಬಳ್ಳಿ ಹಬ್ಬಿದೆ. ಸೇತುವೆಯ ಮೇಲೆ ನಿಂತು ಹೊರಟುಬಿಡಬೇಡಿ. ಕೆಳಗೆ ದಡಕ್ಕಿಳಿದು, ನೀರು ನಿಶ್ಚಲವಾಗಿರುವ ಹೊತ್ತಿನಲ್ಲಿ ನೋಡಿದರೆ ಕಮಾನು ಮತ್ತು ಅದರ ನೆರಳು ಸೇರಿ ಪೂರ್ತಿ ದುಂಡಾಗುತ್ತದೆ.

ಗದ್ದೆಯ ಬದುವಿನ ಮೇಲೆ ಸೈಕಲ್ ಹೊಡೆಯಬೇಡಿ. ನೀರು ನಿಲ್ಲಿಸಲು ಮಣ್ಣಿನಿಂದ ಕಟ್ಟಿದ ಬದು ಅದು, ಒಂದು ಕಡೆ ಕುಸಿದರೆ ರೈತನ ಇಡೀ ಗದ್ದೆಯ ನೀರು ಹೋಗುತ್ತದೆ. ಭತ್ತದ ಸೀಮೆಯವರಾದ ನಮಗೆ ಇದನ್ನು ವಿವರಿಸಬೇಕಿಲ್ಲ.

*ತೆಪ್ಪ.* ಯೂಲೋಂಗ್‌ನಲ್ಲಿ ಓಡುವುದು ನಿಜವಾದ ಬಿದಿರಿನ ತೆಪ್ಪ. ಇಬ್ಬರಿಗೆ ಒಂದು, ಹಿಂದೆ ನಿಂತು ಗಳ ಹಾಕುವವರು ಒಬ್ಬರು, ಮೋಟಾರಿಲ್ಲ. ಹೊಳೆಗೆ ಅಡ್ಡಲಾಗಿ ಗದ್ದೆಗೆ ನೀರು ತಿರುಗಿಸಲು ಕಟ್ಟಿದ 20ಕ್ಕೂ ಹೆಚ್ಚು ಒಡ್ಡುಗಳಿವೆ. ತೆಪ್ಪ ಅವುಗಳ ಮೇಲಿಂದ ಜಾರಿ ಇಳಿಯುತ್ತದೆ. ಮೇಲಿನ ಭಾಗ, ಅಂದರೆ ಜಿನ್‌ಲೋಂಗ್ ಸೇತುವೆಯಿಂದ ಜಿಯುಶಿಯನ್‌ವರೆಗಿನದು, ಸುಮಾರು ಒಂದೂವರೆ ಗಂಟೆ. ಒಡ್ಡುಗಳೂ ಹೆಚ್ಚು, ಜನ ಕಡಿಮೆ. ಕೆಳಗಿನ ಭಾಗದಲ್ಲಿ ಇಳಿಜಾರು ಕಡಿಮೆ, ತೆಪ್ಪಗಳ ಸಾಲು ಉದ್ದ. ಆರಿಸಿಕೊಳ್ಳಲು ಸಾಧ್ಯವಿದ್ದರೆ ಮೇಲಿನದನ್ನೇ ಆರಿಸಿ.

ಹತ್ತುವ ಕ್ರಮ ಹೀಗೆ. ಹಿಂದಿನ ದಿನವೇ ಟಿಕೆಟ್ ಮಾಡಿಸಿ, ಬೆಳಗಿನ ಮೊದಲ ಸರದಿ ಕೇಳಿ. ಚಿಕ್ಕ ಮಕ್ಕಳಿಗೂ ಹಿರಿಯರಿಗೂ ವಯಸ್ಸಿನ ಮಿತಿ ಇದೆ, ಮನೆಮಂದಿಯೊಂದಿಗೆ ಹೋಗುವವರು ಮೊದಲು ಅದನ್ನು ವಿಚಾರಿಸಿ. ಸೈಕಲ್ಲನ್ನು ಇಳಿಯುವ ಕಡವಿನಲ್ಲಿ ಬೀಗ ಹಾಕಿಟ್ಟು, ಹತ್ತುವ ಕಡವಿಗೆ ವಾಹನದಲ್ಲಿ ಹೋಗಿ. ಹತ್ತುವ ಕಡೆ ಬಿಟ್ಟರೆ ತೆಪ್ಪ ಇಳಿದ ಮೇಲೆ ಸೈಕಲ್ಲಿಗಾಗಿ ಮತ್ತೆ ಹೋಗಬೇಕು. ಶೂ ಬದಲು ಹಿಂಬದಿ ಪಟ್ಟಿಯಿರುವ ಚಪ್ಪಲಿ ಹಾಕಿ. ಫೋನು, ಪಾಸ್‌ಪೋರ್ಟ್ ನೀರು ಹೋಗದ ಚೀಲದಲ್ಲಿರಲಿ. ಒಡ್ಡು ಬಂದಾಗ ಹಿಂದಕ್ಕೆ ಒರಗಿ ಕಾಲು ಎತ್ತಿ ಹಿಡಿಯಿರಿ. ತೆಪ್ಪದ ಮೂತಿ ಒಂದು ಕ್ಷಣ ನೀರಿನೊಳಗೆ ಹೋಗಿ ಎದ್ದುಬರುತ್ತದೆ, ಕಾಲು ಕೆಳಗಿದ್ದರೆ ಮೊಣಕಾಲವರೆಗೆ ಒದ್ದೆ. ಆಗ ಎದ್ದು ನಿಲ್ಲುವುದು, ಪಕ್ಕಕ್ಕೆ ವಾಲಿ ಚಿತ್ರ ತೆಗೆಯುವುದು ಬೇಡ, ಬೀಳುವವರು ಬೀಳುವುದು ಹಾಗೆಯೇ. ನೀರು ಕಂದಾಗಿ ರಭಸವಾಗಿದ್ದರೆ ತೆಪ್ಪ ನಿಲ್ಲಿಸುತ್ತಾರೆ. ಆಗ ಕದ್ದು ಒಯ್ಯುತ್ತೇವೆಂದು ಕರೆಯುವವರ ಜೊತೆ ಹೋಗಬೇಡಿ. ನೀರು ಹೆಚ್ಚಿದಾಗ ಒಡ್ಡಿನ ಕೆಳಗೆ ಸುಳಿ ಏಳುತ್ತದೆ, ಈಜು ಬಂದವರೂ ಅದರಿಂದ ಹೊರಬರುವುದು ಕಷ್ಟ.

ಐದನೇ ದಿನ: ಸಂತೆ, ಚಂದ್ರಬೆಟ್ಟ, ಹಳೆಯ ಊರು

ಈ ಸೀಮೆಯಲ್ಲಿ ಸಂತೆ ವಾರದ ಲೆಕ್ಕದ್ದಲ್ಲ, ತಾರೀಖಿನ ಕೊನೆಯ ಅಂಕಿಯ ಲೆಕ್ಕದ್ದು. ಬೈಶಾದಲ್ಲಿ 1, 4, 7. ಫೂಲಿಯಲ್ಲಿ 2, 5, 8. ಶಿಂಗ್‌ಪಿಂಗ್‌ನಲ್ಲಿ 3, 6, 9. ಅಂದರೆ 14ನೇ ತಾರೀಖು, 27ನೇ ತಾರೀಖು ಬೈಶಾ ಸಂತೆ. ಸೊನ್ನೆಯಲ್ಲಿ ಮುಗಿಯುವ ದಿನ ಎಲ್ಲೂ ಇಲ್ಲ. ಪ್ರವಾಸದ ದಿನಗಳನ್ನು ಇದಕ್ಕೆ ಹೊಂದಿಸಿ, ಒಂದು ಸಂತೆಯನ್ನಾದರೂ ನೋಡಿ. ಬಿದಿರಿನ ಬುಟ್ಟಿ, ಕುಡುಗೋಲು, ಕೋಳಿಮರಿ, ಸಸಿ, ಕ್ಷೌರದ ಕುರ್ಚಿ ಎಲ್ಲ ಒಂದೇ ಸಾಲಿನಲ್ಲಿ. ಎಂಟರಿಂದ ಹನ್ನೊಂದು ಗಂಟೆ ಭರಾಟೆಯ ಹೊತ್ತು. ಫೂಲಿ ಚಿತ್ರ ಬರೆದ ಬೀಸಣಿಗೆಗೂ ಹೆಸರಾದ ಊರು. ಅಂಗಡಿಗಳ ಹಿಂದೆಯೇ ಬಿದಿರು ಸೀಳಿ, ಕಾಗದ ಅಂಟಿಸಿ, ಬಣ್ಣ ತುಂಬುವ ಕೆಲಸ ನಡೆಯುತ್ತಿರುತ್ತದೆ.

ಚಂದ್ರಬೆಟ್ಟ ಯೂಲೋಂಗ್ ಹೊಳೆಯ ದಕ್ಷಿಣಕ್ಕಿದೆ. ಗುಡ್ಡದ ನೆತ್ತಿಯಲ್ಲಿ ಆರಪಾರ ತೂತು, ಕೆಳಗಿನ ರಸ್ತೆಯಲ್ಲಿ ಹೋಗುತ್ತ ನೋಡಿದರೆ ಅದು ಹುಣ್ಣಿಮೆಯಿಂದ ಬಿದಿಗೆಯವರೆಗೆ ಆಕಾರ ಬದಲಿಸುತ್ತದೆ. ಸುಮಾರು 800 ಮೆಟ್ಟಿಲು, ಅರ್ಧ ಗಂಟೆ. ಅಲ್ಲಿಂದ ಇನ್ನೂ ಮುಂದೆ ಗಾವ್‌ಟಿಯನ್ ಕಡೆಯ ಲಾಂಗ್‌ಜಿ ಹಳ್ಳಿಯಲ್ಲಿ ಚಿಂಗ್ ಕಾಲದ ದೊಡ್ಡ ಮನೆಗಳ ಸಮೂಹವಿದೆ. ಜನ ಬಹಳ ಕಡಿಮೆ. ಒಳಗೆ ಇನ್ನೂ ಸಂಸಾರಗಳಿರುವುದರಿಂದ ಹೊಸ್ತಿಲಲ್ಲಿ ನಿಂತು ಕೇಳಿ ಒಳಹೋಗಿ.

ಒಂದೆರಡು ದಿನ ಹೆಚ್ಚಿಗೆ ಇರುವವರು ಗ್ವೀಲಿನ್‌ನ ಉತ್ತರಕ್ಕಿರುವ ಲೋಂಗ್‌ಜಿ ಮೆಟ್ಟಿಲುಗದ್ದೆಗಳಿಗೆ ಹೋಗಬಹುದು. ಪಿಂಗಾನ್ ಜುವಾಂಗ್ ಜನರ ಹಳ್ಳಿ, ದಾಜಾಯ್ ಯಾವೋ ಜನರದು. ಮೇ ಕೊನೆಯಿಂದ ಜೂನ್‌ವರೆಗೆ ಗದ್ದೆಗಳಲ್ಲಿ ನೀರು, ಸೆಪ್ಟೆಂಬರ್ ಕೊನೆಗೆ ಹೊನ್ನಿನ ಬಣ್ಣ. ಬೆಳಿಗ್ಗೆ ಹೋಗಿ ಸಂಜೆ ಬರುವ ಊರಲ್ಲ ಅದು. ರಾತ್ರಿ ಅಲ್ಲೇ ಉಳಿಯಿರಿ.

ಊಟ, ಮಾತು, ತುರ್ತು

ಸಸ್ಯಾಹಾರಿಗಳಿಗೆ ನೇರವಾಗಿ ಹೇಳಿಬಿಡುವುದು ಒಳ್ಳೆಯದು: ಇಲ್ಲಿ "ಮಾಂಸ ಬೇಡ" ಎಂದರಷ್ಟೇ ಸಾಲದು. ಸೊಪ್ಪಿನ ಪಲ್ಯಕ್ಕೂ ಹಂದಿಕೊಬ್ಬು ಹಾಕುವ ರೂಢಿ, ರುಚಿಗೆ ಕೋಳಿ ಪುಡಿ. ಗ್ವೀಲಿನ್‌ನ ಹೆಸರಾಂತ ಅಕ್ಕಿ ಶಾವಿಗೆಯ ಗಟ್ಟಿ ರಸ ಮೂಳೆ ಕುದಿಸಿ ಮಾಡಿದ್ದು, ತುಂಡುಗಳನ್ನು ತೆಗೆದರೂ ಅದು ಸಸ್ಯಾಹಾರ ಆಗುವುದಿಲ್ಲ. ಇಲ್ಲಿನ ತುಂಬಿದ ತೋಫು (ಸೋಯಾ ಪನೀರು), ಬದನೆ, ಕುಂಬಳಹೂಗಳ ಒಳಗಿರುವುದು ಸಾಮಾನ್ಯವಾಗಿ ಹಂದಿಯ ಕೊಚ್ಚು. ಫೋನಿನಲ್ಲಿ ಚೀನೀ ಅಕ್ಷರದಲ್ಲಿ ಹೀಗೆ ಬರೆಸಿಟ್ಟುಕೊಂಡು ತೋರಿಸಿ: ಮಾಂಸ, ಮೀನು, ಸಿಗಡಿ, ಮೂಳೆ ರಸ, ಹಂದಿಕೊಬ್ಬು, ಕೋಳಿ ಪುಡಿ, ಸಿಂಪಿ ಸಾಸ್ ಬೇಡ, ಅಡುಗೆ ಎಣ್ಣೆಯಲ್ಲಿ ಮಾಡಿಕೊಡಿ. ಬಾಯಲ್ಲಿ ಹೇಳಲು "ವೊ ಚ್ರ ಸೂ" ಎಂದರೆ ನಾನು ಸಸ್ಯಾಹಾರಿ. ನಂಬಬಹುದಾದ ತಿನಿಸುಗಳು ಎಣ್ಣೆಯಲ್ಲಿ ಹುರಿದ ಆಲೂ ಎಳೆ, ಸೊಪ್ಪು, ಆವಿಯಲ್ಲಿ ಬೇಯಿಸಿದ ಗೆಣಸು ಮತ್ತು ಪಕ್ಕದ ಲೀಪು ಊರಿನ ಹೆಸರಾದ ಕೆಸುವಿನ ಗೆಡ್ಡೆ. ಅದನ್ನೂ ಹಂದಿಮಾಂಸದ ಜೊತೆ ಜೋಡಿಸಿ ಬೇಯಿಸುವುದೇ ಹೆಚ್ಚು, ಬರೀ ಗೆಡ್ಡೆ ಎಂದು ಕೇಳಿ. ಮನೆಯಿಂದ ಅವಲಕ್ಕಿ, ಚಟ್ನಿಪುಡಿ ಒಯ್ದರೆ ಬಿಸಿನೀರು ಎಲ್ಲೆಲ್ಲೂ ಸಿಗುತ್ತದೆ. ನಲ್ಲಿ ನೀರು ಕುಡಿಯಬೇಡಿ, ಒಂದು ಫ್ಲಾಸ್ಕ್ ಇಟ್ಟುಕೊಳ್ಳಿ. ಶರತ್ಕಾಲದಲ್ಲಿ ರಸ್ತೆಬದಿಯ ರಾಶಿಗಳಲ್ಲಿ ಚಕ್ಕೋತ ಕಂಡರೆ ಬಿಡಬೇಡಿ.

ಮೀನು ತಿನ್ನುವವರಿಗೆ ಬಿಯರ್ ಹಾಕಿ ಬೇಯಿಸಿದ ಮೀನು ಇಲ್ಲಿನ ಹೆಮ್ಮೆಯ ಅಡುಗೆ. ತೂಕದ ಮೇಲೆ ದರ. ಫಲಕದ ಬೆಲೆ ಜಿನ್ ಲೆಕ್ಕದ್ದು, ಒಂದು ಜಿನ್ ಎಂದರೆ ಅರ್ಧ ಕಿಲೊ. ಕಿಲೊ ಎಂದುಕೊಂಡರೆ ಬಿಲ್ಲು ಎರಡರಷ್ಟಾಗುತ್ತದೆ. ಮಾರ್ಚ್ 1ರಿಂದ ಜೂನ್ 30ರವರೆಗೆ, ಲೀ ನದಿಯೂ ಸೇರಿದ ಮುತ್ತುನದಿಯ ಜಲಾನಯನದಲ್ಲೆಲ್ಲ ಮೀನು ಹಿಡಿಯುವುದಕ್ಕೆ ನಿಷೇಧ. ಆ ತಿಂಗಳುಗಳಲ್ಲಿ ನದಿಯ ಮೀನು ಎಂದು ಹೆಚ್ಚು ಕೇಳಿದರೆ ಕೊಡಬೇಡಿ.

ತೆಪ್ಪದವರನ್ನು, ಚಾಲಕರನ್ನು "ಷೀಫು" ಎಂದು ಕರೆಯುವುದು ಗೌರವ. ಮನೆ ನಡೆಸುವ ಹಿರಿಯ ಹೆಂಗಸಿಗೆ "ಆಯೀ", ಅಂಗಡಿಯವರಿಗೆ "ಲಾವ್‌ಬಾನ್". ಎಷ್ಟು ಹಣ ಎಂದು ಕೇಳಲು "ದ್ವೊ ಶಾವ್ ಚಿಯೆನ್". ವಯಸ್ಸಾದವರು ಊರಿನ ಮಾತನ್ನೇ ಆಡುವುದರಿಂದ ಅನುವಾದದ ಆ್ಯಪ್ ತಡವರಿಸುತ್ತದೆ. ಕ್ಯಾಲ್ಕುಲೇಟರಿನಲ್ಲಿ ಅಂಕಿ ಒತ್ತಿ ತೋರಿಸಿದರೆ ವ್ಯವಹಾರ ಮುಗಿಯುತ್ತದೆ.

ಪೊಲೀಸ್ 110, ಆಂಬುಲೆನ್ಸ್ 120, ಅಗ್ನಿಶಾಮಕ 119. ಪಾಸ್‌ಪೋರ್ಟ್ ಕಳೆದುಹೋದರೆ ಮೊದಲು ಯಾಂಗ್‌ಶುವೊ ಪೊಲೀಸರಲ್ಲಿ ದೂರಿನ ಚೀಟಿ ಪಡೆದು, ಆಮೇಲೆ ಗ್ವಾಂಗ್‌ಜೋದಲ್ಲಿರುವ ಭಾರತದ ದೂತಾವಾಸವನ್ನು ಸಂಪರ್ಕಿಸಿ. ಪಾಸ್‌ಪೋರ್ಟ್ ಮತ್ತು ವೀಸಾ ಪುಟಗಳ ಎರಡು ಪ್ರತಿಗಳು ಬೇರೆ ಬೇರೆ ಚೀಲದಲ್ಲಿರಲಿ, ಒಂದು ಪ್ರತಿ ಉಳಿದುಕೊಂಡ ಮನೆಯವರ ಬಳಿಯೂ ಇರಲಿ.